ಛತ್ರದವನ ಪಾಲು, ನಮ್ಮ ಪಾಲು



ಒಳ್ಳೆಯ ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಆದರೆ ಅದರಲ್ಲಿ ಒಬ್ಬನನ್ನು ನಾವು ಮರೆಯುತ್ತೇವೆ. ಅವನೇ ಛತ್ರದವನು. ಸಮಾರಿಯದವನು ತನ್ನೊಬ್ಬನಿಂದಾಗದ ಆರೈಕೆಯನ್ನು ಅವನಿಗೆ ಒಪ್ಪಿಸಿದ. ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ; ಎರಡು ನಾಣ್ಯ ಕೊಟ್ಟು, ಮರಳಿ ಬರುವೆನೆಂದು ಮಾತು ಕೊಟ್ಟು ಹೋದ (ಲೂಕ 10:35).

ಮನೋರೋಗಿಗಳಿರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಮಗನನ್ನು ಒಳಗಿಟ್ಟು, ಬಾಗಿಲಿಗೆ ಚಿಲಕ ಹಾಕಿ ಬಲಿಪೂಜೆಗೆ ಬರುವ ತಾಯಿ ನಿಮಗೂ ಗೊತ್ತಿರಬಹುದು. ದೆವ್ವ ಹಿಡಿದಿದೆ, ಮಾತ್ರೆ ನಿಲ್ಲಿಸಿ ಪ್ರಾರ್ಥನೆ ಮಾಡಿಸಿ ಎಂದು ಆಕೆಗೆ ಹೇಳುವವರೂ ಇದ್ದಾರೆ. ಪ್ರಾರ್ಥನೆ ಬೇಡವೆಂದು ಗುರುವಾದ ನಾನು ಹೇಳಿಯೇನೇ? ಮಾತ್ರೆ ಮಾತ್ರ ನಿಲ್ಲಿಸಬೇಡಿ.

ದಯೆಯೊಂದೇ ಸಾಲದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾಗದೆ ಸತ್ತರು. ನಮ್ಮ ಆಶ್ರಮಗಳಿಗೆ ನೋಂದಣಿ, ತಪಾಸಣೆ ಎಂದಾಗ ಗೊಣಗುವ ನಾವು ಆ 28 ಜನರನ್ನು ನೆನೆಯಬೇಕು.

ಸರ್ಕಾರದಿಂದ ಏನಾದೀತು ಎಂದು ಮೂಗು ಮುರಿಯುವವರಿಗೆ ಬಳ್ಳಾರಿಯ ಮಾತು ಹೇಳುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಮನೋರೋಗದ ಔಷಧಿ ಹಳ್ಳಿಯ ಹತ್ತಿರವೇ ಸಿಗುವಂತೆ ಮಾಡಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2017ರ ಕಾಯಿದೆ ಇನ್ನೂ ಮುಂದೆ ಹೋಗಿ, ಮಾನಸಿಕ ಚಿಕಿತ್ಸೆಯನ್ನು ಹಕ್ಕೆಂದಿತು. ಸರಪಳಿ ಹಾಕುವುದನ್ನು ನಿಷೇಧಿಸಿತು.

ಹಕ್ಕು ಎಂದ ಮೇಲೆ ಕೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಮುಗಿದಿದೆ ಎಂದರೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಹಣ ಕೂಡಿಸಿ ಅಂಗಡಿಯಿಂದ ತಂದುಕೊಡುತ್ತಾರೆ. ಆ ತಿಂಗಳಿಗೆ ಖಂಡಿತ ತಂದುಕೊಡಿ. ಅದೇ ದಿನ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಅರ್ಜಿಯನ್ನೂ ಬರೆಯಿರಿ. ನಾವು ಸದ್ದಿಲ್ಲದೆ ಭರಿಸುತ್ತಾ ಹೋದರೆ ನಮ್ಮವರಿಗೇನೋ ಮಾತ್ರೆ ಸಿಕ್ಕೀತು; ಪಕ್ಕದ ಕೇರಿಯವನಿಗೆ ಯಾರಿದ್ದಾರೆ? ಆ ಔಷಧಿಯ ಕಪಾಟು ಖಾಲಿಯಾಗಿಯೇ ಉಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಸರ್ಕಾರದ ಮೇಲೆ ಹೊರಿಸಲೂ ಆಗದು. ಎಷ್ಟೇ ನ್ಯಾಯವಂತ ಸರ್ಕಾರವಿದ್ದರೂ ಪ್ರೀತಿಯ ಸೇವೆಯ ಅಗತ್ಯ ತೀರುವುದಿಲ್ಲವೆಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2005ರ ತಮ್ಮ ವಿಶ್ವಪತ್ರದಲ್ಲಿ ಕಲಿಸಿದರು. ವೈದ್ಯರು ಚೀಟಿ ಬರೆದುಕೊಟ್ಟಾರು. ಮಾತ್ರೆಯ ಮಂಪರಿನಲ್ಲಿರುವ ಮಗನನ್ನು ಮದುವೆಮನೆಗೆ ಕರೆಯುವವರು ಯಾರು? ತೋಟದಲ್ಲಿ ಅವನಿಗೆ ಅರ್ಧ ದಿನದ ಕೆಲಸ ಕೊಡುವವರು? ಆ ತಾಯಿಗೆ ಒಂದು ಮಧ್ಯಾಹ್ನದ ನಿದ್ದೆ ಸಿಗುವಂತೆ ಅವನೊಡನೆ ಜಗಲಿಯಲ್ಲಿ ಕೂರುವವರು?

ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಆ ಮನೆಯ ಗೋಡೆಯ ಮೇಲೆ ಬರೆದಿಡಿ. ಈ ಭಾನುವಾರ ಪೂಜೆಗೆ ಹೊರಟಾಗ ಅವರ ಬಾಗಿಲು ತಟ್ಟಿ. ಮಗನೂ ಬರಲಿ. ಹಿಂದಿನ ಬೆಂಚಿನಲ್ಲಿ ಅವನ ಪಕ್ಕ ಕೂರಲು ನೀವಿದ್ದೀರಲ್ಲ.