ಆಯ್ಕೆಯಾಗದ ಮಗು

ವಿದ್ಯೆಯ ವಿಷಯದಲ್ಲಿ ನಮ್ಮ ಸೀಮೆ ಉದಾರವಾದದ್ದು. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ತೆರೆದ ಸಿದ್ಧವನ ಗುರುಕುಲದಲ್ಲಿ ಅನ್ನ, ಆಶ್ರಯ ಪಡೆದು ಓದಿದ ಬಡ ಹುಡುಗರು ನಾಡಿನ ತುಂಬ ಇದ್ದಾರೆ. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯ ಪ್ರವೇಶ ಪರೀಕ್ಷೆಗೆ ದೂರದೂರದ ಜಿಲ್ಲೆಗಳಿಂದ ಮಕ್ಕಳು ಬರುತ್ತಾರೆ. ಆಯ್ಕೆಯಾದವರಿಗೆ ಓದು, ಊಟ, ವಸತಿ ಎಲ್ಲವೂ ಉಚಿತ. ಇವುಗಳ ಬಗ್ಗೆ ನನಗಿರುವ ಹೆಮ್ಮೆ ಕಡಿಮೆಯಾಗಿಲ್ಲ. ಆದರೆ ಬೆಳ್ತಂಗಡಿ ದಾರಿಯ ಒಳಹಳ್ಳಿಯೊಂದರಲ್ಲಿ ತಾಯಿಯೊಬ್ಬರು ಕೇಳಿದ ಪ್ರಶ್ನೆ ಆ ಹೆಮ್ಮೆಯ ಪಕ್ಕದಲ್ಲೇ ಕುಳಿತಿದೆ.

ಅವರ ಹಿರಿಮಗಳು ಇಂಥದೇ ಒಂದು ಆಯ್ಕೆ ಪರೀಕ್ಷೆಯಲ್ಲಿ ಗೆದ್ದಿದ್ದಳು. ನಾಲ್ಕು ಒಳ್ಳೆಯ ಮಾತು ಹೇಳಿ ಬರೋಣವೆಂದು ಹೋಗಿದ್ದೆ. ತಾಯಿ ಚಾವಡಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕಕ್ಕೂ ಸಮವಸ್ತ್ರಕ್ಕೂ ದುಡ್ಡು ಹುಟ್ಟುವುದು ಆ ಬೆರಳುಗಳಿಂದಲೇ. ನನ್ನ ಸಂತೋಷವನ್ನೆಲ್ಲ ಕೇಳಿಸಿಕೊಂಡು ಅವರು, ಅಂಗಳದಲ್ಲಿದ್ದ ನಾಲ್ಕನೇ ತರಗತಿಯ ಮಗನತ್ತ ನೋಡಿ ಹೇಳಿದರು: “ಅವಳಿಗೆ ದಾರಿ ಆಯ್ತು ಮಾಷ್ಟ್ರೇ. ಇವನಿಗೆ? ಅವಳು ಎಲ್ಲಿ ಹಾಕಿದ್ರೂ ಕಲಿತಾಳೆ. ಇವನಿಗೆ ಒಬ್ಬರು ಹತ್ತಿರ ಕೂತು ಹೇಳಿಕೊಡ್ಬೇಕು. ಶಾಲೆಯಲ್ಲಿ ಟೀಚರ್ ಇಬ್ಬರೇ ಇರುವುದು. ಪಾಪ, ಅವರಾದರೂ ಎಷ್ಟೂಂತ ಮಾಡುದು?”

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದರು. ಐದು ತರಗತಿಗೆ ಇಬ್ಬರು ಶಿಕ್ಷಕರು ಎಂಬುದು ಆ ಶಾಲೆಯೊಂದರ ದುರದೃಷ್ಟವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕವೇ ಹಾಗಿದೆ: ಒಂದರಿಂದ ಐದರವರೆಗೆ 60 ಮಕ್ಕಳು ಇರುವ ತನಕ ಇಬ್ಬರು ಸಾಕು. ಒಂದರಿಂದ ಮೂರರ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿಕಲಿ ಪದ್ಧತಿ ಒಳ್ಳೆಯದೇ. ಹೆಗ್ಗಡದೇವನಕೋಟೆಯ ಶಿಕ್ಷಕರ ಅನುಭವದಿಂದ ರೂಪುಗೊಂಡದ್ದು ಅದು. ಆದರೆ ಪ್ರತಿ ಮಗುವನ್ನೂ ಅದರದೇ ವೇಗದಲ್ಲಿ ನಡೆಸಬೇಕಾದರೆ ಕಲಿಸುವವರ ಮನಸ್ಸು ಅಲ್ಲೇ ಇರಬೇಕು. ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರು. ಬಿಸಿಯೂಟದ ಲೆಕ್ಕ, ಇಲಾಖೆ ಕೇಳುವ ಮಾಹಿತಿ, ಸಭೆ, ತರಬೇತಿ ಎಲ್ಲವೂ ಅವರ ತಲೆಯ ಮೇಲೆ. ಅವರು ಸಭೆಗೆ ಹೊರಟ ದಿನ ಐದೂ ತರಗತಿ ಒಬ್ಬರ ಪಾಲಿಗೆ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡಿ ಬಂದು ಕನ್ನಡದಲ್ಲಿ ಲೆಕ್ಕ ಕಲಿಯಬೇಕಾದ ಮಗು ಅಂಥ ದಿನ ಕೇಳಬೇಕೆಂದಿದ್ದ ಸಂಶಯವನ್ನು ಕೇಳದೆಯೇ ಮನೆಗೆ ಹೋಗುತ್ತದೆ.

ಅಂದಮೇಲೆ ಆರಿಸಿ ಕಲಿಸುವುದು ತಪ್ಪೇ? ಇರುವ ನೀರು ಸ್ವಲ್ಪವಾದರೆ ಚಿಗುರಿದ ಸಸಿಗೇ ಹನಿಸುವುದು ಜಾಣತನವಲ್ಲವೇ ಎಂದು ನಾನೂ ಯೋಚಿಸಿದ್ದೇನೆ. ದಾನಿಗೆ ಆ ಸ್ವಾತಂತ್ರ್ಯವಿದೆ; ತನ್ನ ಕೈಗೆ ಎಟಕುವಷ್ಟು ಮಕ್ಕಳನ್ನು ಎತ್ತಿಕೊಂಡರೂ ಅದು ಪುಣ್ಯದ ಕೆಲಸವೇ. ಸರಕಾರಕ್ಕಾಗಲಿ ಊರಿಗಾಗಲಿ ಆ ಸ್ವಾತಂತ್ರ್ಯವಿಲ್ಲ. ಇನ್ನೊಂದು ಮಾತು ಶಿಕ್ಷಕನಾದ ನನ್ನೊಳಗಿನದು. ಚುರುಕಾದ ಮಗುವಿನೆದುರು ನಿಂತಾಗ ನಮ್ಮ ಪಾಠವೇ ಫಲಿಸಿದಂತೆ ತೋರುತ್ತದೆ. ಆ ಫಲದಲ್ಲಿ ನಮ್ಮ ಪಾಲೆಷ್ಟು? ಎಲ್ಲಿ ಹಾಕಿದರೂ ಕಲಿಯುವ ಹುಡುಗಿಯ ಗೆಲುವು ಅವಳ ಗುಣವನ್ನು ತೋರಿಸುತ್ತದೆ, ಶಾಲೆಯ ಗುಣವನ್ನಲ್ಲ. ಶಾಲೆಯ ಗುಣ ಗೊತ್ತಾಗುವುದು ಅವಳ ತಮ್ಮನಲ್ಲಿ. ಕಲಿಸುವವರು ಇಲ್ಲದಿದ್ದರೆ ಕಲಿಯದೇ ಉಳಿಯುತ್ತಿದ್ದ ಮಗುವಿನಲ್ಲಿ. ನಮ್ಮ ಫಲಿತಾಂಶದ ಫಲಕಗಳಲ್ಲಿ ಅಂಥ ಮಗುವಿನ ಹೆಸರಿಗೆ ಜಾಗವೇ ಇಲ್ಲ.

ಹೀಗೆ ಯೋಚಿಸುವಾಗ ಬಂಟ್ವಾಳದ ದಡ್ಡಲಕಾಡು ಸರಕಾರಿ ಶಾಲೆ ನನಗೆ ಧೈರ್ಯ ಕೊಡುತ್ತದೆ. ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿದ್ದ ಅದನ್ನು ಕರೆಂಕಿಯ ಶ್ರೀ ದುರ್ಗಾ ಚಾರಿಟೇಬಲ್ ಟ್ರಸ್ಟ್ ದತ್ತು ತೆಗೆದುಕೊಂಡಿತು. ಹೊಸ ಕಟ್ಟಡವಾಯಿತು, ಇಂಗ್ಲಿಷ್ ಕಲಿಕೆ ಬಂತು, ಮಕ್ಕಳ ಸಂಖ್ಯೆ ಹಲವು ನೂರಕ್ಕೆ ಏರಿತು. ಬಂದ ಮಗುವನ್ನು ಸೇರಿಸಿಕೊಳ್ಳುವ ಸರಕಾರಿ ಶಾಲೆಯಾಗಿಯೇ ಉಳಿದು ಅದು ಬೆಳೆಯಿತು ಎಂಬುದು ನನಗೆ ದೊಡ್ಡ ಸಂಗತಿ. ಊರು ಮನಸ್ಸು ಮಾಡಿದರೆ ಹತ್ತಿರದ ಶಾಲೆಯೇ ಒಳ್ಳೆಯ ಶಾಲೆಯಾದೀತು.

ನಮ್ಮ ಊರುಗಳಲ್ಲಿ ಹಳೆ ವಿದ್ಯಾರ್ಥಿ ಸಂಘಗಳಿವೆ, ಶತಮಾನೋತ್ಸವಗಳು ನಡೆಯುತ್ತವೆ, ರಂಗಮಂದಿರವೂ ಸ್ವಾಗತ ಗೋಪುರವೂ ಏಳುತ್ತವೆ. ಅವೆಲ್ಲ ಇರಲಿ. ಆದರೆ ಮುಂದಿನ ಸಭೆಯ ಮೊದಲ ವಿಷಯ ತರಗತಿಗೊಬ್ಬ ಶಿಕ್ಷಕರೆಂದೇ ಆಗಲಿ. ಸರಕಾರದ ಮುಂದೆ ಆ ಬೇಡಿಕೆ ಇಡಿ; ಅದು ಈಡೇರುವ ತನಕ ಒಬ್ಬ ಗೌರವ ಶಿಕ್ಷಕಿಯ ಸಂಬಳವನ್ನು, ಮರ್ಯಾದೆಯಿಂದ ಬದುಕುವಷ್ಟು, ಸಂಘವೇ ಹೊರಲಿ. ಕಟ್ಟಡದ ದೇಣಿಗೆ ಪಟ್ಟಿಗೆ ಹೆಸರು ಬರೆಸುವ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಈ ವರ್ಷ ಆ ಹಣವನ್ನು ಕಲಿಸುವವರ ಸಂಬಳಕ್ಕೆ ಕೊಡಿ.