ಕದ್ದು ಸೇರಿದ ಮನೆ

ಬೇಸ್‌ಬಾಲ್ ನಾನು ಆಡಿದ ಆಟವಲ್ಲ. ಆದರೂ ಅದರಲ್ಲಿನ 'ಹೋಮ್ ಪ್ಲೇಟ್' ಎಂಬ ಹೆಸರು ನನ್ನನ್ನು ಬಹಳ ಕಾಲ ಕಾಡಿದೆ. ನೆಲಮಟ್ಟಕ್ಕೆ ಹೂತ, 17 ಇಂಚು ಅಗಲದ ಬಿಳಿ ರಬ್ಬರಿನ ತುಂಡು ಅದು. 1900ರಿಂದ ಅದಕ್ಕೆ ಐದು ಮೂಲೆಗಳು. ಚೆಂಡೆಸೆಯುವವನ ಕಡೆಯಿಂದ ನೋಡಿದರೆ ಮಕ್ಕಳು ಬಿಡಿಸಿದ ಮನೆಯಂತೆಯೇ ಇದೆ.

ದಾಂಡಿಗ ಅಲ್ಲಿಂದಲೇ ಹೊರಟು, 90 ಅಡಿಗೊಂದರಂತಿರುವ ಮೂರು ನೆಲೆಗಳನ್ನು ದಾಟಿ, ಅಲ್ಲಿಗೇ ಮರಳಿದರೆ ಒಂದು ರನ್. ಮೂರನೆಯ ನೆಲೆಯಲ್ಲೇ ಉಳಿದವನಿಗೆ ಏನೂ ಇಲ್ಲ. ವಿಚಿತ್ರವೆಂದರೆ, ಈ ಮನೆಯ ಬಾಗಿಲು ಕಾಯುವವನು ಎದುರಾಳಿ!

ಹೊಡೆತದ ನೆರವಿಲ್ಲದೆ ನುಗ್ಗಿ ಬಂದರೆ 'ಮನೆ ಕದ್ದ' ಎನ್ನುತ್ತಾರೆ. ತಾನು ಹೊರಟ ಮನೆಗೆ ಮರಳುವುದು ಕಳವು ಹೇಗಾದೀತು? ಆಟದ ಪರಿಭಾಷೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ 1955ರ ಸೆಪ್ಟೆಂಬರ್ 28ರಂದು, ನ್ಯೂಯಾರ್ಕಿನಲ್ಲಿ, ವರ್ಲ್ಡ್ ಸೀರೀಸಿನ ಮೊದಲ ಪಂದ್ಯದಲ್ಲಿ ಹಾಗೆ ನುಗ್ಗಿದವರು ಜಾಕಿ ರಾಬಿನ್ಸನ್. ಕರಿಯರಿಗೆ ದಶಕಗಳಿಂದ ಮುಚ್ಚಿದ್ದ ಮೇಜರ್ ಲೀಗಿನ ಬಾಗಿಲನ್ನು 1947ರಲ್ಲಿ ದಾಟಿದವರು. ಅಂಥವರ ಮಟ್ಟಿಗೆ 'ಕಳವು' ಎಂಬ ಮಾತು ನನಗೆ ಬರಿಯ ಪರಿಭಾಷೆಯಾಗಿ ಕೇಳಿಸುವುದಿಲ್ಲ. ಬೀಗ ಹಾಕಿದವನ ಬಾಯಲ್ಲಿ ಮಾತ್ರ ಒಳಬರುವವನು ಕಳ್ಳ.

ಅಂಪೈರ್ 'ಸೇಫ್' ಎಂದರು. ಕಾವಲಿದ್ದ ಯೋಗಿ ಬೆರಾ ಕೆರಳಿ ಕುಣಿದಾಡಿದರು. ರಾಬಿನ್ಸನ್ ಔಟಾಗಿದ್ದರೆಂದೇ ಕೊನೆಯವರೆಗೂ ವಾದಿಸಿದರು. ಹಾಗಾದರೆ ಮನೆ ಸೇರಿದ್ದು ಕಾಲಿನಿಂದಲೋ, ಮೂರನೆಯವನ ಮಾತಿನಿಂದಲೋ? ಕಾಲಿನಿಂದಲೇ ಎನ್ನಲು ನನಗೆ ಆಸೆ. ಆದರೆ ಆ ಓಟದ ಚಿತ್ರವನ್ನು ಎಷ್ಟು ಸಲ ನೋಡಿದರೂ, ಕಾಲು ಮೊದಲೋ ಬೆರಾರ ಕೈಗವಸು ಮೊದಲೋ ನನಗೆ ಗೊತ್ತಾಗಿಲ್ಲ. ಅಂದು ರಾಬಿನ್ಸನ್ನರ ತಂಡ 6-5ರಿಂದ ಸೋತಿತು.