ಯುದ್ಧಕಾಲದ ಹಸಿವು ಉಪವಾಸವೇ?

ಯುದ್ಧವು ನಡೆಯುವುದು ರಣಭೂಮಿಯಲ್ಲಿ. ಅದರ ಬಿಸಿ ತಟ್ಟುವುದು ದೂರದ ಅಡಿಗೆಮನೆಗಳಿಗೂ. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಲು ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಏಕಸಂಬಿ ಅಂದು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಧಾನ್ಯ, ಅರಿವೆ, ಚಿಮಣಿ ಎಣ್ಣೆಗಳೆಲ್ಲ ದುರ್ಲಭವಾದವು. ಮಕ್ಕಳಿಗೆ ಬಡಿಸಿ ತಾನು ಬರಿಹೊಟ್ಟೆಯಲ್ಲಿ ಮಲಗಿದ ತಾಯಂದಿರು ಎಷ್ಟೋ ಮನೆಗಳಲ್ಲಿ ಇದ್ದಿರಬೇಕು. ಅವರ ಹಸಿವನ್ನು ಉಪವಾಸವೆನ್ನಬಹುದೆ?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಕಾಮನಿರ್ಜರೆಯನ್ನು ದೇವಾಯುವಿನ ಆಸ್ರವಕ್ಕೆ ಕಾರಣಗಳಲ್ಲಿ ಒಂದಾಗಿ ಎಣಿಸುತ್ತದೆ. ಪರವಶನಾಗಿ ಹಸಿವು ನೀರಡಿಕೆಗಳನ್ನು ಸಹಿಸುವುದೇ ಅದು; ಸೆರೆಯಾಳಿನ ದೃಷ್ಟಾಂತ ಪ್ರಸಿದ್ಧವಾಗಿದೆ. ಅದು ನಿಷ್ಫಲವಲ್ಲ, ಆದರೆ ವ್ರತವೂ ಅಲ್ಲ. ಸಂಕಲ್ಪಪೂರ್ವಕವಾದ ತ್ಯಾಗವಿಲ್ಲದೆ ಉಪವಾಸವಿಲ್ಲ. ಆದರೂ ತಾಯಿಯನ್ನು ಸೆರೆಯಾಳಿನ ಸಾಲಿನಲ್ಲಿ ಕೂಡಿಸಿ ಮಾತು ಮುಗಿಸುವುದು ಅವಸರವಾದೀತು. ಕೊರತೆಯನ್ನು ತಂದದ್ದು ಯುದ್ಧ; ಅದನ್ನು ಯಾರು ಹೊರಬೇಕೆಂದು ನಿರ್ಣಯಿಸಿದವಳು ಆಕೆ. ರೊಟ್ಟಿ ಎದುರಿಗೇ ಇತ್ತು, ಆಕೆ ಕೈಚಾಚಲಿಲ್ಲ.

1965ರ ಯುದ್ಧಕಾಲದಲ್ಲಿ ಪ್ರಧಾನಿ ಲಾಲಬಹಾದ್ದೂರ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಲು ದೇಶಕ್ಕೆ ಕರೆಯಿತ್ತರು. ಅಷ್ಟಮಿ, ಚತುರ್ದಶಿಗಳನ್ನು ಪಾಲಿಸುವ ಶ್ರಾವಕನಿಗೆ ಒಂದು ಹೊತ್ತು ಬಿಡುವುದೇನು ಮಹಾ! ಕಠಿನವಾದದ್ದು ಬೇರೆಯೇ ಇದೆ. ಬಿಟ್ಟ ಅನ್ನವು ಇಲ್ಲದವನಿಗೆ ಮುಟ್ಟಬೇಕೆಂಬುದು ಆ ಕರೆಯ ಉದ್ದೇಶ. ಬೆಲೆ ಏರಲೆಂದು ಹಗೇವಿನ ಬಾಯಿ ಮುಚ್ಚಿಟ್ಟು, ಪರ್ವದ ದಿನ ನಿರಾಹಾರನಾಗಿ ಬಸದಿಯಲ್ಲಿ ಕುಳಿತ ಗೃಹಸ್ಥನು ಆಹಾರವನ್ನು ಬಿಟ್ಟಿದ್ದಾನೆ, ಧಾನ್ಯವನ್ನು ಬಿಟ್ಟಿಲ್ಲ. ಅವನ ಪರಿಗ್ರಹಪರಿಮಾಣ ವ್ರತವನ್ನು ಯಾರೂ ವಿಚಾರಿಸುವುದಿಲ್ಲ. ಪಾರಣೆಯ ದಿನ ನಾಲ್ಕು ಜನ ಬಂದು ಕುಶಲ ಕೇಳುತ್ತಾರೆ. ಆ ತಾಯಿಗೆ ಪಾರಣೆಯ ದಿನವೂ ಇರಲಿಲ್ಲ.